ಹನ್ನೆರಡೋ ಹದಿನಾರೋ

ಮಾರ್ಚ್ ೩, ಸೋಮವಾರ

ಅವನ ಕೀಬೋರ್ಡನ್ನು ತಲೆಕೆಳಗು ಮಾಡಿ ಕೊಡವಿದೆ. ಬಿಸ್ಕತ್ತಿನ ಪುಡಿ, ಒಣಗಿದ ಬ್ರೆಡ್ಡಿನ ಚೂರು, ಗಡ್ಡದ ಕೂದಲು, ಕೊನೆಗೆ ಒಂದು ಸತ್ತ ನೊಣ ಬಿತ್ತು. ನೊಣ ಯಾವ ಕಾಲದ್ದೋ, ಒಣಗಿ ಕಾಗದದ ಹಾಗಾಗಿತ್ತು.

"ದಿನವಿಡೀ ಕಂಡವರ ಬಾಯಿಗೆ ಕೈ ಹಾಕ್ತೀರಲ್ಲ ಡಾಕ್ಟ್ರೇ, ಹೇಸಿಗೆ ಆಗಲ್ವಾ?" ಎಂದು ಕ್ಲಿನಿಕ್ಕಿಗೆ ಬರುವವರು ಕೇಳುತ್ತಾರೆ. ಆಗುವುದಿಲ್ಲ. ಹುಳುಕು ಹಲ್ಲು ಹುಳುಕು ಹಲ್ಲಿನ ವಾಸನೆಯನ್ನೇ ಬೀರುತ್ತದೆ, ಕೆರೆದು ತೆಗೆದರೆ ಹೋಗುತ್ತದೆ. ನನಗೆ ಹೇಸಿಗೆಯಾಗುವುದು ಸಂಜೆ ಮನೆಯ ಬಾಗಿಲು ತೆರೆದಾಗ.

ಗಂಡನ ಕಂಪನಿ ಅವನ ವಿಭಾಗವನ್ನೇ ಮುಚ್ಚಿ ಮನೆಗೆ ಕಳಿಸಿದ ಮೇಲೆ ಹೀಗೆ. ಇನ್ನೂ ಕಟ್ಟಿರದ ಕಟ್ಟಡಗಳ ಚಲಿಸುವ ಚಿತ್ರ ಮಾಡುವುದು ಅವನ ಕೆಲಸ. ಪಾಯ ತೋಡುವ ಮೊದಲೇ ಬಾಗಿಲು ತೆರೆದು ಒಳಹೋಗಬಹುದು, ಮೆಟ್ಟಿಲು ಹತ್ತಬಹುದು, ಕಿಟಕಿಯಿಂದ ಬಿಸಿಲು ಬೀಳುವುದನ್ನು ನೋಡಬಹುದು. ಮನೆಯಲ್ಲೇ ಕೂತು ಸ್ವಂತಕ್ಕೆ ಅದನ್ನೇ ಮಾಡುತ್ತೇನೆ ಎಂದ. ಎಂದ ವಾರವೇ ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡು ಸುಟ್ಟುಹೋಯಿತು. ಚಿತ್ರಗಳನ್ನೆಲ್ಲ ಬಿಡಿಸುವ ಭಾಗ ಅದೇ ಅಂತೆ, ಅದಿಲ್ಲದೆ ಇವನ ಕಂಪ್ಯೂಟರು ಬರೀ ಟೈಪು ಹೊಡೆಯುವ ಯಂತ್ರ. ಅಂದಿನಿಂದ ಅದೇ ಪೈಜಾಮ, ಅದೇ ಕುರ್ಚಿ. ಕುರ್ಚಿಯ ಬೆನ್ನಿನಲ್ಲಿ ಎಣ್ಣೆಯ ಕಲೆ ಅವನ ತಲೆಯ ಆಕಾರದಲ್ಲಿಯೇ ಇದೆ.

ಇವತ್ತು ಬೆಳಗ್ಗೆ ಮಾತ್ರ ಸ್ನಾನ ಮಾಡಿ ಬಂದು, "ಕಾರ್ಡ್ ಯಾವ್ದು ಅಂತ ತೀರ್ಮಾನ ಆಯ್ತು, ಮಧ್ಯಾಹ್ನ ಹೋಗಿ ತಂದ್ಬಿಡ್ತೀನಿ" ಅಂದ. ನನಗೆ ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. ಮಧ್ಯಾಹ್ನ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತ ಅಕ್ಕನಿಗೆ ಫೋನು ಮಾಡಿದೆ. ಅವನ ಕೋಣೆಯ ಕಿಟಕಿ ಅಲ್ಲಿಗೇ ತೆರೆದುಕೊಳ್ಳುತ್ತದೆ, ಅದರೊಳಗಿಂದ ಬರುವ ಮುಗ್ಗಲು ವಾಸನೆಗೆ ಬೆನ್ನು ಹಾಕಿ ನಿಂತು ಮಾತಾಡಿದೆ.

"ಇನ್ನೆಷ್ಟು ದಿನ ಅಂತ ಸಹಿಸ್ಕೊಳ್ತೀಯಾ?" ಎಂದಳು ಅಕ್ಕ.

"ಬಿದ್ದಿರೋ ಗಂಡನ್ನ ಬಿಟ್ಟು ಹೋದ್ಲು ಅನ್ನಿಸ್ಕೊಳ್ಳೋದು ನನ್ನಿಂದ ಆಗಲ್ಲ. ಕಾರ್ಡ್ ಬರ್ಲಿ. ಅವನು ಕೆಲ್ಸಕ್ಕೆ ಕೂತ ದಿನ ನಾನು ಕ್ಲಿನಿಕ್ ಮೇಲಿನ ರೂಮಿಗೆ ಹೋಗ್ತೀನಿ. ಬಣ್ಣ ಹೊಡಿಸೋಕೂ ಹೇಳಿದ್ದೀನಿ."

ಹೇಳಿದ ಮೇಲೆ ಹಗುರಾಯಿತು. ಅವನ ಮೇಲೆ ಕೋಪವಿದ್ದಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಇರುವುದು ಹೇಸಿಗೆ. ಅವನು ಬಾಯಿ ತೆರೆದು ಉಸಿರಾಡುವುದನ್ನು ಕೇಳಿದರೂ ನನ್ನ ಭುಜ ಗಟ್ಟಿಯಾಗುತ್ತದೆ.

ಸಂಜೆ ಬಂದು ನೋಡಿದರೆ ಕಾರ್ಡು ಇಲ್ಲ. ಅವನು ಕುರ್ಚಿಯಲ್ಲೇ ಇದ್ದ, ಮತ್ತೆ ಪೈಜಾಮದಲ್ಲಿ.

"ಇನ್ನೊಂದು ಕಾರ್ಡ್ ಇದೆ. ಎರಡನ್ನೂ ಸರಿಯಾಗಿ ಹೋಲಿಸಿ ನೋಡ್ಬೇಕು," ಎಂದ, ಪರದೆಯಿಂದ ಮುಖ ತಿರುಗಿಸದೆ.

ಮಾರ್ಚ್ ೭, ಶುಕ್ರವಾರ

ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿದ್ದಾನೆ. ಎಡಕ್ಕೊಂದು ಕಾರ್ಡು, ಬಲಕ್ಕೊಂದು. ಎಡಗಡೆಯದು ಹಳೇ ತಲೆಮಾರಿನದು, ಮೂರು ಫ್ಯಾನು, ಹದಿನಾರು ಜಿಬಿ ಮೆಮೊರಿ, ಮುನ್ನೂರು ವ್ಯಾಟು ಕರೆಂಟು ನುಂಗುತ್ತದೆ. ಬಲಗಡೆಯದು ಹೊಸತು, ಎರಡೇ ಫ್ಯಾನು, ಹನ್ನೆರಡು ಜಿಬಿ, ಇನ್ನೂರು ವ್ಯಾಟು, ವೇಗದಲ್ಲಿ ಚುರುಕು. ಮೆಮೊರಿಯ ದಾರಿ ಎಷ್ಟು ಅಗಲ, ಸದ್ದು ಎಷ್ಟು, ತೂಕ ಎಷ್ಟು, ಉದ್ದ ಎಷ್ಟು, ಎಲ್ಲವನ್ನೂ ಬರೆದಿದ್ದಾನೆ. ತೂಕ ತಗೊಂಡು ಏನು ಮಾಡುತ್ತಾನೋ, ಹೊತ್ತುಕೊಂಡು ಊರು ಸುತ್ತುವವನ ಹಾಗೆ.

ಊಟಕ್ಕೆ ಕೂತಾಗಲೂ ಅದೇ. "ದೊಡ್ಡದ್ರಲ್ಲಿ ಮೆಮೊರಿ ಜಾಸ್ತಿ ಕಣೇ, ಆದ್ರೆ ಬಿಸಿ. ಚಿಕ್ಕದು ತಣ್ಣಗಿರತ್ತೆ, ಆದ್ರೆ..." ಬಾಯಲ್ಲಿ ತುತ್ತು ಇಟ್ಟುಕೊಂಡೇ ಮಾತಾಡಿದ. ಕೆಳದವಡೆಯ ಎಡಕ್ಕೆ ಸೊಪ್ಪು ಸಿಕ್ಕಿಕೊಂಡಿದ್ದು ಕಾಣುತ್ತಿತ್ತು. ಯಾರ ಬಾಯಲ್ಲಾದರೂ ಸರಿ, ತಕ್ಷಣ ಕನ್ನಡಿ ತಂದು ತೆಗೆದುಬಿಡುವವಳು ನಾನು. ಇವತ್ತು ತಟ್ಟೆ ನೋಡುತ್ತ ಕೂತೆ.

"ಒಬ್ಬಳನ್ನ ಕಟ್ಕೊಂಡೇ ನಿನಗೆ ಸಾಕಾಗಿದೆ, ಇನ್ನಿಬ್ಬರು ಸವತಿಯರನ್ನ ತರ್ತೀಯಾ?" ಅಂದರು ಅತ್ತೆ. ಅವರು ಹಾಗೆ ಮಾತಾಡುವಾಗ ಮುಖದ ಗೆರೆ ಕೂಡ ಅಲುಗುವುದಿಲ್ಲ. ಆ ಮಾತಿನಿಂದ ಮನೆಯಲ್ಲಿ ದೊಡ್ಡ ಸವತಿ, ಚಿಕ್ಕ ಸವತಿ ಎಂದೇ ಆಗಿಹೋಯಿತು.

ಮೇಜಿನ ಹಿಂದೆ ಒಂದು ಕಪ್ಪು ಸಿಕ್ಕಿತು. ತಳದಲ್ಲಿ ಚಹಾ ಒಣಗಿ ಅದರ ಮೇಲೆ ಹಸಿರು ಬೂಷ್ಟು ಹಿಡಿದಿತ್ತು, ಮೆತ್ತಗೆ, ತುಪ್ಪಳದ ಹಾಗೆ. ಬಿಸಿನೀರು ಸುರಿದು ಮುಖ ಆಚೆ ತಿರುಗಿಸಿಕೊಂಡು ತೊಳೆದೆ. ಕರೆ ಪೂರ್ತಿ ಹೋಗಲಿಲ್ಲ.

ಮಾರ್ಚ್ ೧೨, ಬುಧವಾರ

ಮೇಲಿನ ರೂಮಿಗೆ ಪೇಂಟರು ಬಂದ. ಗೋಡೆಯ ಮೇಲೆ ಎರಡು ಬಣ್ಣ ಒಂದೊಂದು ಮೊಳ ಬಳಿದು, "ಯಾವ್ದು ಹೇಳಿ, ನಾಡಿದ್ದು ಮುಗಿಸ್ಕೊಡ್ತೀನಿ" ಅಂದ. ಒಂದು ತಿಳಿಹಳದಿ, ಇನ್ನೊಂದು ಬೂದು ಬೆರೆಸಿದ ಬಿಳಿ.

ಹಳದಿ ಕಾಮಾಲೆ ಹಿಡಿದವನ ಕಣ್ಣಿನ ಹಾಗಿದೆ. ಬಿಳಿ ನೋಡಿದರೆ ಶವಾಗಾರ ನೆನಪಾಗುತ್ತದೆ. ನಕಲಿ ಹಲ್ಲಿಗೆ ಬಣ್ಣ ಹೊಂದಿಸುವಾಗ ನಾನು ಒಂದು ಸಲ ನೋಡಿದರೆ ಮುಗಿಯಿತು, ಎರಡನೇ ಸಲ ನೋಡುವುದಿಲ್ಲ. ಈತ ತಂದಿರುವ ಬಣ್ಣಗಳೇ ಸರಿಯಿಲ್ಲ. ಒಣಗಲಿ, ಆಮೇಲೆ ಹೇಳುತ್ತೇನೆ ಎಂದು ಕಳಿಸಿದೆ.

ಮಾರ್ಚ್ ೨೦, ಗುರುವಾರ

ಕ್ಲಿನಿಕ್ಕಿಗೆ ಎಡತಾಕುವ ಒಬ್ಬ ಮೇಷ್ಟರು ಇವತ್ತೂ ಬಂದಿದ್ದರು. ಒಂದು ದವಡೆಹಲ್ಲು ಇಟ್ಟುಕೊಂಡು ಊರಿನ ಅಷ್ಟೂ ದಂತವೈದ್ಯರನ್ನು ನೋಡಿ ಮುಗಿಸಿದ್ದಾರೆ. ಕೀಳಿಸಬೇಕೋ, ಬೇರಿಗೆ ಚಿಕಿತ್ಸೆ ಮಾಡಿಸಿ ಉಳಿಸಿಕೊಳ್ಳಬೇಕೋ ಎಂಬುದು ಪ್ರಶ್ನೆ. ಪ್ರತಿಯೊಬ್ಬರೂ ಹೇಳಿದ್ದನ್ನು ಇನ್ನೊಬ್ಬರ ಎದುರಿಗಿಟ್ಟು ತೂಗುತ್ತಾರೆ. ಅಷ್ಟರಲ್ಲಿ ಹಲ್ಲು ಒಳಗೊಳಗೇ ಕೊಳೆತು ಕೀವು ಜಿನುಗುತ್ತಿದೆ.

"ಮೇಷ್ಟ್ರೇ, ಹಲ್ಲು ನೋವಾಗಲ್ವಾ?" ಎಂದೆ.

"ಆಗತ್ತೆ. ಆದ್ರೆ ಕಿತ್ತ ಮೇಲೆ ಆ ಜಾಗ ಖಾಲಿ ಆಗ್ಬಿಡತ್ತಲ್ಲ ಡಾಕ್ಟ್ರೇ," ಅಂದರು.

ಇಂಥವರನ್ನು ಕಂಡರೆ ಮೈ ಉರಿಯುತ್ತದೆ. ಮನೆಗೆ ಬಂದರೆ ಅಲ್ಲೂ ಇದೇ ಜಾತಿ. ಅವನು ವಿಡಿಯೋ ನೋಡುತ್ತಿದ್ದ. ಗಂಟಲು ಹರಿಯುವ ಹಾಗೆ ಕಿರುಚುವ ಒಬ್ಬ ಎರಡೂ ಕಾರ್ಡುಗಳನ್ನು ಕೈಯಲ್ಲಿ ಹಿಡಿದು ಕೂಸುಗಳ ಹಾಗೆ ತೂಗುತ್ತಿದ್ದ. ಕೆಳಗೆ ನೂರಾರು ಜನ ಪರಸ್ಪರ ಬೈದಾಡಿಕೊಂಡಿದ್ದಾರೆ. ಒಂದು ಲೋಹದ ಹಲಗೆಗೋಸ್ಕರ ಒಬ್ಬ ಇನ್ನೊಬ್ಬನ ತಾಯಿಯನ್ನು ಬೈದಿದ್ದಾನೆ. ಕೊನೆಯವರೆಗೂ ಓದಿದೆ.

ರಾತ್ರಿ ಅತ್ತೆ ಹಲ್ಲುಸೆಟ್ಟು ಬಿಚ್ಚಿ ಲೋಟಕ್ಕೆ ಹಾಕುತ್ತ ಒಂದು ಮಾತು ಅಂದರು. ಸೆಟ್ಟು ನಾನೇ ಮಾಡಿಕೊಟ್ಟಿದ್ದು, ತೊಳೆಯದೆ ನೀರಿಗೆ ಹಾಕಬೇಡಿ ಎಂದು ಎಷ್ಟು ಹೇಳಿದರೂ ಕೇಳುವುದಿಲ್ಲ.

"ಅವನು ಹೀಗೆ ಎಳೆದಾಡೋನಲ್ಲ ಕಣೇ. ಈ ಮನೆ ತಗೊಳ್ಳುವಾಗ ಅಡುಗೆಮನೆ ಕೂಡ ನೋಡ್ದೆ ಹೂಂ ಅಂದ್ಬಿಟ್ಟಿದ್ದ. ನಿನ್ನ ವಿಷಯದಲ್ಲೂ ಅಷ್ಟೇ, ನನಗೆ ಹೇಳುವಷ್ಟರಲ್ಲಿ ನಿಶ್ಚಯವೇ ಮಾಡ್ಕೊಂಡು ಬಂದಿದ್ದ. ಈಗ ಏನೋ ಆಗಿದೆ ಅವನಿಗೆ."

ಹಲ್ಲಿಲ್ಲದ ಬಾಯಲ್ಲಿ ಹೇಳಿದ್ದರಿಂದ ಅರ್ಧ ಗಾಳಿಗೆ ಹೋಯಿತು. ಮಗನ ಪರ ವಕಾಲತ್ತು. ಆಗಿರುವುದು ಸೋಮಾರಿತನ, ಅದಕ್ಕೆ ಔಷಧಿ ಇಲ್ಲ.

ಮಾರ್ಚ್ ೨೧, ಶುಕ್ರವಾರ

ಬರೆಯುವಂಥದ್ದು ಏನೂ ಇಲ್ಲ. ಮೌಸಿನ ಕೆಳಗೆ ಉಗುರು ಸಿಕ್ಕಿತು. ಕಾಲಿನದು.

ಏಪ್ರಿಲ್ ೨, ಬುಧವಾರ

ಆರ್ಕಿಟೆಕ್ಟ್ ಮೇಡಂ ಕ್ಲಿನಿಕ್ಕಿಗೆ ಫೋನು ಮಾಡಿದ್ದರು. ಅವನು ಹಿಂದೆ ಅವರಿಗೆ ತುಂಬ ಕೆಲಸ ಮಾಡಿಕೊಟ್ಟಿದ್ದಾನೆ. ಈಗ ಒಂದು ದೊಡ್ಡ ಗ್ರಂಥಾಲಯ ಕಟ್ಟಿಸುತ್ತಿದ್ದಾರಂತೆ, ನಡುವೆ ಅಂಗಳ, ಅಂಗಳದ ತುಂಬ ಮರಗಳು. ಅದರ ಚಿತ್ರ ಇವನೇ ಮಾಡಬೇಕು ಎಂದು ಅವರ ಆಸೆ.

"ನಿಮ್ಮೆಜಮಾನ್ರು ಫೋನೇ ಎತ್ತಲ್ಲ. ಈ ತಿಂಗಳ ಕೊನೇ ಒಳಗೆ ಶುರು ಮಾಡ್ಲಿಲ್ಲ ಅಂದ್ರೆ ಬೇರೆಯವರಿಗೆ ಕೊಡ್ಬೇಕಾಗತ್ತೆ. ನನಗೂ ಮೇಲಿನವರಿದ್ದಾರೆ," ಎಂದರು.

ಬಾಯಲ್ಲಿ ಹತ್ತಿ ತುರುಕಿಸಿಕೊಂಡ ಪೇಷಂಟು ಕುರ್ಚಿಯಲ್ಲಿ ಮಲಗಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ. ಅವಮಾನದಿಂದ ಕಿವಿ ಕಾದುಹೋಯಿತು.

ಮನೆಗೆ ಬಂದವಳೇ ಚಪ್ಪಲಿ ಬಿಡದೆ ಅವನ ಕೋಣೆಗೆ ಹೋದೆ.

"ಕೆಲ್ಸ ತಾನಾಗೇ ಕಾಲ ಹತ್ರ ಬಂದಿದೆ. ಯಾಕೆ ಮಾತಾಡಿಲ್ಲ?"

"ಕಾರ್ಡ್ ತೀರ್ಮಾನ ಆಗ್ಲಿ ಅಂತ."

"ಗ್ರಂಥಾಲಯ ಅಂದ್ರೆ ದೊಡ್ಡ ಕಟ್ಟಡ. ಅಷ್ಟು ಮರ, ಅಷ್ಟು ಪುಸ್ತಕ. ಎಲ್ಲಾನೂ ಒಟ್ಟಿಗೆ ಮೆಮೊರಿಯಲ್ಲಿ ಹಿಡಿಸ್ಬೇಕು ತಾನೇ? ಹನ್ನೆರಡ್ರಲ್ಲಿ ಹಿಡಿಸ್ದೇ ಇದ್ರೆ ಅದರ ವೇಗ ತಗೊಂಡು ಏನ್ ಮಾಡ್ತೀಯಾ? ದೊಡ್ಡದನ್ನೇ ತಗೋ."

ಅವನು ಮೊದಲ ಬಾರಿಗೆ ಕುರ್ಚಿ ಪೂರ್ತಿ ತಿರುಗಿಸಿ ನನ್ನನ್ನು ನೋಡಿದ. "ನೀನು ಯಾವಾಗ ಓದಿದೆ ಇದನ್ನೆಲ್ಲ?"

ಗೋಡೆಯ ಮೇಲೆ ಬ್ರಹ್ಮಾಂಡ ಬರೆದು ಅಂಟಿಸಿದರೆ ಕಣ್ಣಿಗೆ ಬೀಳದೆ ಇರುತ್ತದೆಯೇ. ಹಾಗಂದೆ. ತಕ್ಷಣ ಅವನು ಚಿಕ್ಕ ಸವತಿಯ ಪರ ಶುರುಮಾಡಿದ, ಬಿಸಿ ಕಡಿಮೆ, ಸದ್ದು ಕಡಿಮೆ, ಹೊಸ ತಲೆಮಾರು. ನಿನ್ನೆ ಇದೇ ಬಾಯಿ ದೊಡ್ಡವಳನ್ನು ಹೊಗಳುತ್ತಿತ್ತು. ನಾನು ಒಬ್ಬಳ ಪರ ಹೋದರೆ ಅವನು ಇನ್ನೊಬ್ಬಳ ಪರ ಹೋಗುತ್ತಾನೆ. ತಕ್ಕಡಿ ಯಾವತ್ತೂ ಸಮ ಇರಬೇಕು, ಅಷ್ಟೇ ಅವನಿಗೆ ಬೇಕಾದದ್ದು. ಛೀ ಅನ್ನಿಸಿತು. ಜೋರಾಗಿಯೇ ಅಂದೆ. ಅತ್ತೆ ಟಿವಿಯ ಸದ್ದು ಹೆಚ್ಚು ಮಾಡಿದರು.

ಏಪ್ರಿಲ್ ೯, ಬುಧವಾರ

ಕ್ಲಿನಿಕ್ಕಿನಲ್ಲಿ ಪೇಷಂಟುಗಳ ನಡುವೆ ಬಿಡುವಿದ್ದಾಗ ಎರಡು ವಿಡಿಯೋ ನೋಡಿದೆ. ಅಸಹ್ಯ ಜನ. ಒಬ್ಬ ದೊಡ್ಡ ಕಾರ್ಡನ್ನು ಮೇಜಿನ ಮೇಲೆ ಬಯಲಲ್ಲಿಟ್ಟು, ಏಸಿ ಹಾಕಿದ ಕೋಣೆಯಲ್ಲಿ ಪರೀಕ್ಷೆ ಮಾಡಿ, ಬಿಸಿಯೇ ಆಗುವುದಿಲ್ಲ ಎಂದು ಸರ್ಟಿಫಿಕೇಟು ಕೊಡುತ್ತಾನೆ. ಯಾರ ಮನೆಯಲ್ಲಿ ಕಂಪ್ಯೂಟರು ಹಾಗೆ ಬಿಚ್ಚಿಕೊಂಡು ಕೂತಿರುತ್ತದೆ? ಮುಚ್ಚಿದ ಡಬ್ಬಿಯೊಳಗೆ ಹಾಕಿ ನೋಡದವನ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ.

ಇನ್ನೊಂದು ಕಡೆ ಒಬ್ಬ ಬರೆದಿದ್ದ: ಹನ್ನೆರಡು ಯಾರಿಗಾದರೂ ಧಾರಾಳ ಸಾಕು, ಹದಿನಾರು ಬೇಕೆನ್ನುವವರು ತಲೆ ಕೆಟ್ಟವರು. ತಡೆಯಲಾಗಲಿಲ್ಲ. 'ನೀವು ಕೂತು ಆಟ ಆಡುವವರು. ಕಟ್ಟಡ ಮಾಡುವವರಿಗೆ ಅಂಗಳದ ಮರಗಳೇ ಅರ್ಧ ಮೆಮೊರಿ ತಿನ್ನುತ್ತವೆ. ತಟ್ಟೆಯಲ್ಲಿ ಉಪಕರಣ ಹಿಡಿಸದಿದ್ದರೆ ಕೈ ಎಷ್ಟು ಚುರುಕಿದ್ದು ಏನು ಬಂತು' ಎಂದು ಬರೆದೆ. ಅವನು ನನ್ನನ್ನು "ಹೋಗೋ ಅಜ್ಜ" ಎಂದ. ಆಮೇಲೆ ಇಬ್ಬರು ನನ್ನ ಪರ ಬಂದರು. ಒಬ್ಬರು ದೊಡ್ಡದರ ಮೆಮೊರಿ ದಾರಿಯೂ ಅಗಲ ಎಂದು ನೆನಪಿಸಿದರು, ಅದನ್ನು ನಾನೇ ಬರೆಯಬೇಕಿತ್ತು, ಮರೆತಿದ್ದೆ. ಹೊರಗೆ ಪೇಷಂಟು ಕಾಯುತ್ತಿದ್ದರು. ಛೆ.

ಪೇಂಟರು ಮತ್ತೆ ಬಂದಿದ್ದ. ಸಂಜೆ ಬೆಳಕಿನಲ್ಲಿ ಹಳದಿ ಒಂಥರಾ ಕಾಣುತ್ತದೆ, ಬೆಳಗಿನ ಬೆಳಕಿನಲ್ಲಿ ಬಿಳಿ ಒಂಥರಾ. ಎರಡನ್ನೂ ಇನ್ನೊಂದು ಸಲ ಬಳಿದು ತೋರಿಸು ಎಂದೆ.

"ಮೇಡಂ, ಒಳಗೆ ಮಲಗೋವಾಗ ಲೈಟ್ ಆರಿಸ್ತೀರಲ್ಲ, ಆಗ ಎರಡೂ ಒಂದೇ," ಎಂದ. ಉಡಾಫೆ ಮನುಷ್ಯ.

ಏಪ್ರಿಲ್ ೧೫, ಮಂಗಳವಾರ

ಇನ್ನು ಕಾಯಲಾಗುವುದಿಲ್ಲ ಎಂದು ನಾನೇ ಅಂಗಡಿಗೆ ಹೋದೆ. ಕಿರಿದಾದ ಅಂಗಡಿ, ಮೇಲಿನಿಂದ ಕೆಳಗಿನವರೆಗೆ ಡಬ್ಬಿಗಳು, ನೆಲದ ತುಂಬ ತಂತಿ. ಅಂಗಡಿಯವನು ಕಿವಿಯಲ್ಲಿ ಕಿರುಬೆರಳು ತಿರುಗಿಸುತ್ತ ಕೂತಿದ್ದ, ಅದೇ ಬೆರಳಿನಿಂದ ಡಬ್ಬಿ ತೋರಿಸಿದ.

"ಮನೆಯವರಿಗಾ ಮೇಡಂ? ಹಾಗಾದ್ರೆ ಈ ಹೊಸದು ತಗೊಳ್ಳಿ. ಹೊಸದು ಯಾವತ್ತಿದ್ರೂ ಹೊಸದೇ."

"ಹೊಸದ್ರಲ್ಲಿ ಮೆಮೊರಿ ಹನ್ನೆರಡೇ. ದಾರೀನೂ ಸಣ್ಣದು. ಹದಿನಾರಿಂದು ಕೊಡಿ."

"ಅದು ಬಿಸಿ ಆಗತ್ತೆ."

"ಮುನ್ನೂರು ವ್ಯಾಟ್ ತಗೊಳ್ಳೋದು ಬಿಸಿ ಆಗ್ದೆ ಐಸ್ ಆಗತ್ತಾ? ಗಾಳಿ ಹೋಗೋಕೆ ಜಾಗ ಮಾಡ್ಕೊಂಡ್ರೆ ಆಯ್ತು."

ಅವನು ಕಿವಿಯಿಂದ ಬೆರಳು ತೆಗೆದ. ಆಮೇಲೆ ಹೆಚ್ಚು ಮಾತಾಡಲಿಲ್ಲ.

ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಬಂದೆ. ಇನ್ನು ಅವನಿಗೆ ನೆಪವಿಲ್ಲ. ಕೆಲಸಕ್ಕೆ ಕೂರುತ್ತಾನೆ, ನಾನು ಮೇಲೆ ಹೋಗುತ್ತೇನೆ. ಶುಭ್ರವಾದ ರೂಮು, ನನ್ನದೇ ಕಪ್ಪು, ನನ್ನದೇ ಟವೆಲು. ಖುಷಿಯಾಗಬೇಕಿತ್ತು. ಆಟೋದವನ ಬೆವರು ವಾಸನೆಗೋ ಏನೋ, ಆಗಲಿಲ್ಲ.

ಏಪ್ರಿಲ್ ೧೬, ಬುಧವಾರ

ಹಿಡಿಸುವುದಿಲ್ಲ.

ಇಷ್ಟು ದಿನ ಗೋಡೆಗೆ ಹಾಳೆ ಅಂಟಿಸಿ ಕೂದಲು ಸೀಳಿದ್ದೇ ಸೀಳಿದ್ದು. ಕಾರ್ಡಿನ ಉದ್ದ ಎಷ್ಟು ಎಂದು ಮಿಲಿಮೀಟರಿನ ಲೆಕ್ಕದಲ್ಲಿ ಬರೆದೂ ಇದ್ದಾನೆ, ನಾನೂ ಹತ್ತು ಸಲ ಓದಿದ್ದೇನೆ. ಅದು ಹೋಗಿ ಕೂರಬೇಕಾದ ನಮ್ಮ ಮನೆಯ ಕಂಪ್ಯೂಟರ್ ಡಬ್ಬಿಯೊಳಗೆ ಎಷ್ಟು ಜಾಗವಿದೆ ಎಂದು ಇಬ್ಬರಲ್ಲಿ ಒಬ್ಬರೂ ಅಳೆಯಲಿಲ್ಲ. ಎರಡು ಬೆರಳಗಲ ಕಡಿಮೆ. ಹಳೇ ಕಾಲದ ಹಾರ್ಡ್‌ಡಿಸ್ಕುಗಳನ್ನು ಕೂರಿಸುವ ಒಂದು ತಗಡಿನ ಗೂಡು ಅಡ್ಡ ಬರುತ್ತದೆ. ಗೂಡನ್ನು ರಿವೆಟ್ ಹೊಡೆದು ಕೂರಿಸಿದ್ದಾರೆ, ಸ್ಕ್ರೂ ಇಲ್ಲ, ಬಿಚ್ಚಲು ಬರುವುದಿಲ್ಲ.

ಹೇಸಿಗೆ ಪಡಬೇಕಾದದ್ದು ಅದಕ್ಕಲ್ಲ. ಕಾರ್ಡು ಒಳಗೆ ಹೋಗದೆ ನಿಂತಾಗ ನಾನು ಅವನ ಮುಖ ನೋಡಿದೆ. ಆ ಮುಖದಲ್ಲಿ ಸಮಾಧಾನ ಇತ್ತು. ಪರೀಕ್ಷೆ ಮುಂದಕ್ಕೆ ಹೋಯಿತು ಎಂದು ತಿಳಿದ ಹುಡುಗನ ಸಮಾಧಾನ.

"ವಾಪಸ್ ಕೊಟ್ಬಿಡೋಣ. ಚಿಕ್ಕದು ಹಿಡಿಸತ್ತೆ. ಆದ್ರೆ ಅದಕ್ಕೂ ಮೊದ್ಲು ಇನ್ನೊಂದ್ಸಲ ನೋಡ್ಬೇಕು..."

"ಏನೂ ನೋಡ್ಬೇಡ. ಭಾನುವಾರ ಈ ಗೂಡನ್ನ ಕಿತ್ತು ಹಾಕ್ತೀನಿ."

"ಯಾರು?"

"ಯಾರು ಅಂದ್ರೆ? ಕೀಳೋದು ಈ ಮನೆಯಲ್ಲಿ ಯಾರ ಕೆಲ್ಸ?"

ಏಪ್ರಿಲ್ ೨೦, ಭಾನುವಾರ

ಕ್ಲಿನಿಕ್ಕಿನಿಂದ ಸಣ್ಣ ಮೋಟಾರು ತಂದೆ. ಲೋಹದ ಹಲ್ಲುಗಳನ್ನು ತಯಾರಿಸುವಾಗ ಕತ್ತರಿಸಲು ಬಳಸುವುದು, ತುದಿಗೆ ನಾಣ್ಯದಷ್ಟು ಅಗಲದ ಕೊಯ್ಯುವ ಚಕ್ರ ಹಾಕಬಹುದು. ಮುಖಕ್ಕೆ ಹಾಕುವ ಪಾರದರ್ಶಕ ಮುಸುಕು ಎರಡು ತಂದೆ, ಒಂದು ಅವನಿಗೆ.

ಮೊದಲು ಅವನು ಡಬ್ಬಿಯೊಳಗಿನದನ್ನೆಲ್ಲ ಬಿಚ್ಚಿ ಹೊರಗೆ ತೆಗೆಯಬೇಕಿತ್ತು, ಲೋಹದ ಪುಡಿ ಬಿದ್ದರೆ ಎಲ್ಲ ಹಾಳು. ಇನ್ನೊಂದು ಪಕ್ಕದ ತಗಡನ್ನೂ ತೆಗೆದಾಗ ಕಂಡ ನೋಟವನ್ನು ಬರೆಯಲು ಕೂಡ ಮನಸ್ಸಿಲ್ಲ. ಧೂಳು ಕಂಬಳಿಯ ಹಾಗೆ ಹೆಪ್ಪುಗಟ್ಟಿತ್ತು, ಅದರೊಳಗೆ ಕೂದಲು, ಅವನದು, ನನ್ನದು, ಅತ್ತೆಯ ಬಿಳಿಯದು, ಮೂವರದೂ ಹೆಣೆದುಕೊಂಡು. ಮೂಲೆಯಲ್ಲಿ ಜಿರಳೆಯ ಮೊಟ್ಟೆಚೀಲ. ನಾನು ಎರಡು ಜೊತೆ ಗವಸು ಹಾಕಿಕೊಂಡೆ. ಅವನು ಬರಿಗೈಯಲ್ಲೇ ಒಂದೊಂದು ಸ್ಕ್ರೂ ತೆಗೆದು, ಒಂದೊಂದು ತಂತಿ ಬಿಡಿಸಿ, ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿದ. ಎಷ್ಟು ನಾಜೂಕಾಗಿ ಮಾಡುತ್ತಾನೆ ಎಂಬುದು ನನಗೆ ಮರೆತೇ ಹೋಗಿತ್ತು.

ಆಮೇಲೆ ನಾನು ಕೊಯ್ದೆ, ಅವನು ವ್ಯಾಕ್ಯೂಮ್ ಕ್ಲೀನರಿನ ಕೊಳವೆ ಹಿಡಿದ. ಕಿಡಿ ಹಾರುತ್ತಿತ್ತು, ಸುಟ್ಟ ಕಬ್ಬಿಣದ ನಾತ ಮೂಗಿಗೆ ಅಡರಿತು. "ಸ್ವಲ್ಪ ಎಡಕ್ಕೆ, ಹತ್ರ ಹಿಡಿ," ಎಂದರೆ ಹಿಡಿಯುತ್ತಿದ್ದ. ನನ್ನ ಕ್ಲಿನಿಕ್ಕಿನ ನರ್ಸು ಹಿಡಿಯುವುದಕ್ಕಿಂತ ಚೆನ್ನಾಗಿ ಹಿಡಿದ. ಒಂದೊಂದೇ ರಿವೆಟ್ಟಿನ ತಲೆ ಹಾರಿತು. ಕೊನೆಯದು ಹಾರಿದಾಗ ಗೂಡು ತಾನಾಗಿಯೇ ಜಾರಿ ಅವನ ಕೈಗೆ ಬಂತು.

ಅತ್ತೆ ಬಾಗಿಲಲ್ಲಿ ನಿಂತು ಒಮ್ಮೆ ನೋಡಿ, "ಹೆರಿಗೆ ಸುಸೂತ್ರ ಆಯ್ತಾ?" ಎಂದು ಕೇಳಿ ಹೋದರು.

ಡಬ್ಬಿ ಒರೆಸಿದೆವು. ಅವನು ಎಲ್ಲವನ್ನೂ ಮತ್ತೆ ಒಳಗೆ ಜೋಡಿಸಿದ. ದೊಡ್ಡ ಸವತಿ ಹೋಗಿ ಕೂತಳು, ಗಾಳಿಗೂ ಜಾಗವಿತ್ತು. ತಂತಿ ಸಿಕ್ಕಿಸಿದ. ಇನ್ನು ಗುಂಡಿ ಒತ್ತುವುದೊಂದು ಬಾಕಿ. ಅವನ ಬೆರಳು ಅದರ ಹತ್ತಿರ ಹೋಗಿ ನಿಂತಿತು. ಮುಖಕ್ಕೆ ಇನ್ನೂ ನನ್ನ ಮುಸುಕು ಹಾಕಿಕೊಂಡೇ ಇದ್ದ.

"ಇದನ್ನ ಒತ್ತಿದ್ರೆ ನೀನು ಹೋಗ್ತೀಯಾ?" ಎಂದು ಕೇಳಿದ.

"ಎಲ್ಲಿಗೆ?"

"ಮೇಲಿನ ರೂಮಿಗೆ. ಅಕ್ಕನ ಹತ್ರ ಹೇಳ್ತಿದ್ಯಲ್ಲ ಅವತ್ತು, ಬಾಲ್ಕನಿಯಲ್ಲಿ. ಅವನು ಕೆಲ್ಸಕ್ಕೆ ಕೂತ ದಿನ ಹೋಗ್ತೀನಿ ಅಂತ. ನಾನು ಅಂಗಡಿಗೆ ಹೊರಟು ಚಪ್ಪಲಿ ಹುಡುಕ್ತಿದ್ದೆ."

ನಾನು ಮೋಟಾರಿನ ತುದಿಯಿಂದ ಚಕ್ರ ಬಿಚ್ಚತೊಡಗಿದೆ.

"ಕಾರ್ಡ್ ಬಂದ್ರೆ ಕೆಲ್ಸ, ಕೆಲ್ಸ ಶುರುವಾದ್ರೆ ನೀನಿಲ್ಲ. ಅದಕ್ಕೇ ಹೋಲಿಸ್ತಾ ಕೂತೆ. ಬೇರೆ ಏನು ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ."

"ಉದ್ದ ಹಿಡಿಸಲ್ಲ ಅಂತಾನೂ ಗೊತ್ತಿತ್ತಾ?"

"ಇಲ್ಲ. ಅದು ಸತ್ಯವಾಗ್ಲೂ ಗೊತ್ತಿರ್ಲಿಲ್ಲ," ಎಂದ, ನಾಚಿಕೊಂಡು.

ಎಂಥ ಗಂಡಸು ಇವನು. ಹೆಂಡತಿ ಹೇಸಿ ಹೋಗುತ್ತಾಳೆಂದು ಗೊತ್ತಿದ್ದೂ, ಅವಳನ್ನು ಉಳಿಸಿಕೊಳ್ಳಲು ಇನ್ನಷ್ಟು ಕೊಳಕಿನಲ್ಲಿ ಕೂತವನು. ಒಂದು ದಿನ ಆ ಕಪ್ಪನ್ನು ತೊಳೆದಿಟ್ಟಿದ್ದರೆ ಸಾಲುತ್ತಿತ್ತು, ಹೋಗಬೇಡ ಅಂತ ಒಂದು ಮಾತು ಬಾಯಿಬಿಟ್ಟಿದ್ದರೆ ಸಾಲುತ್ತಿತ್ತು. ಇಷ್ಟನ್ನೂ ಹೇಳಿದೆ. ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ಮುಸುಕಿನ ಒಳಗೆ ಉಸಿರಿನ ಮಂಜು ಕಟ್ಟಿ ಅವನ ಕಣ್ಣು ಕಾಣುತ್ತಿರಲಿಲ್ಲ. ಅದೂ ಒಳ್ಳೆಯದೇ ಆಯಿತು.

ಗುಂಡಿಯನ್ನು ನಾನೇ ಒತ್ತಿದೆ.

ಮೂರೂ ಫ್ಯಾನು ತಿರುಗಿದವು. ನಾನು ಎದ್ದು ತಲೆಗೆ ಸ್ನಾನ ಮಾಡಲು ಹೋದೆ. ಕೂದಲಿನಲ್ಲಿ ಲೋಹದ ಪುಡಿ, ಧೂಳು, ಯಾರ ಯಾರದೋ ಎಳೆಗಳು. ಎಷ್ಟು ನೀರು ಸುರಿದರೂ ಹೋಗಲೊಲ್ಲದು. ಅವನ ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ ಎಂಬುದು ಒಳಗೆ ನಿಂತಿದ್ದಾಗ ನೆನಪಾಯಿತು.

ಏಪ್ರಿಲ್ ೨೨, ಮಂಗಳವಾರ

ಮೇಷ್ಟರು ಹಲ್ಲು ಉಳಿಸಿಕೊಳ್ಳುವುದೆಂದು ತೀರ್ಮಾನ ಮಾಡಿಕೊಂಡು ಬಂದರು. ಬೇರಿನೊಳಗೆ ಅಷ್ಟು ಕೀವು, ವಾಸನೆಗೆ ನರ್ಸು ಮೂಗು ಮುಚ್ಚಿಕೊಂಡಳು. ಆದರೂ ಹಲ್ಲು ಗಟ್ಟಿಯಿದೆ. ಉಳಿಯುತ್ತದೆ.

ಏಪ್ರಿಲ್ ೨೮, ಸೋಮವಾರ

ಅವನು ಗ್ರಂಥಾಲಯದಲ್ಲಿದ್ದಾನೆ. ಆರ್ಕಿಟೆಕ್ಟ್ ಮೇಡಂಗೆ ಬಾಗಿಲಿನಿಂದ ಅಂಗಳದವರೆಗಿನ ಭಾಗ ಕಳಿಸಿಯೂ ಆಯಿತು. ಕೋಣೆ ಒಲೆಯ ಮುಂದೆ ಕೂತಂತೆ ಬಿಸಿ, ದೊಡ್ಡವಳ ಫ್ಯಾನಿನ ಗೊರಕೆ ಹಾಲಿನವರೆಗೂ ಕೇಳುತ್ತದೆ. ಪೈಜಾಮ ಬದಲಾಗಿದೆ, ಕುರ್ಚಿಯ ಎಣ್ಣೆ ಕಲೆ ಹಾಗೇ ಇದೆ. ನಿನ್ನೆ ನನ್ನನ್ನು ಕರೆದು ಮೆಟ್ಟಿಲು ಹತ್ತಿಸಿ ತೋರಿಸಿದ. ಮರದ ನೆರಳು ಮೆಟ್ಟಿಲ ಮೇಲೆ ಅಲುಗುತ್ತಿತ್ತು. ಮೆಮೊರಿ ಹದಿಮೂರು ಜಿಬಿ ದಾಟಿದ್ದನ್ನು ನಾನು ಮೂಲೆಯಲ್ಲಿ ಗಮನಿಸಿದೆ. ಹನ್ನೆರಡು ಧಾರಾಳ ಸಾಕು ಎಂದವನಿಗೆ ಇವತ್ತು ಬಿಡುವಾದಾಗ ಬರೆದು ತಿಳಿಸಬೇಕು.

ಪೇಂಟರು ತನ್ನ ಡಬ್ಬಿ, ಏಣಿ ಎಲ್ಲ ತಗೊಂಡು ಬೇರೆ ಕೆಲಸಕ್ಕೆ ಹೋಗಿಬಿಟ್ಟಿದ್ದಾನೆ. ಈ ಜನಕ್ಕೆ ತಾಳ್ಮೆಯೇ ಇಲ್ಲ. ಗೋಡೆಯ ಮೇಲೆ ಎರಡು ಪಟ್ಟೆ ಹಾಗೇ ಉಳಿದಿದೆ, ಒಂದಕ್ಕಿಂತ ಒಂದು ಅಸಹ್ಯ.

ಮಧ್ಯಾಹ್ನ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವಾಗ ಅಕ್ಕ ಫೋನು ಮಾಡಿದಳು. ಅವನ ಕಿಟಕಿ ತೆರೆದೇ ಇತ್ತು, ಮುಚ್ಚುವ ಗೋಜಿಗೆ ಹೋಗಲಿಲ್ಲ.

"ಅವನು ಕೆಲ್ಸಕ್ಕೆ ಕೂತನಂತೆ. ಮತ್ತೆ ನೀನು ಯಾವಾಗ ಹೋಗೋದು?" ಎಂದಳು.

"ಎಲ್ಲಿ ಹೋಗೋದು. ಬಣ್ಣ ಇನ್ನೂ ತೀರ್ಮಾನ ಆಗಿಲ್ಲ. ಎರಡನ್ನೂ ಸರಿಯಾಗಿ ಹೋಲಿಸಿ ನೋಡ್ಬೇಕು," ಎಂದೆ.

ಅಕ್ಕ ನಗತೊಡಗಿದಳು. ಎಷ್ಟು ಹೊತ್ತಾದರೂ ನಿಲ್ಲಿಸಲಿಲ್ಲ. ಏನು ಹೇಳಿದೆ ಅಂತ ಅಷ್ಟು ನಗು ಬಂತೋ ಅವಳಿಗೆ. ಫೋನು ಇಟ್ಟೆ.

ಕಿಟಕಿಯ ಒಳಗಿಂದ ಅವನು, "ಕಪ್ ತೊಳೆದಿಟ್ಟಿದ್ದೀನಿ," ಅಂದ. ಹೋಗಿ ನೋಡಿದೆ. ತಳದಲ್ಲಿ ಕರೆ ಹಾಗೇ ಇತ್ತು, ಹಿಡಿಯಲ್ಲಿ ಸೋಪಿನ ನೊರೆ. ಮೂಗು ಮುರಿದುಕೊಂಡು ಇನ್ನೊಂದು ಸಲ ತೊಳೆದು, ಅದರಲ್ಲೇ ಅವನಿಗೆ ಚಹಾ ಹಾಕಿ ಕೊಟ್ಟೆ.